ಕೊನೆಯ ಕಾಲು ಸುತ್ತು ಇಂಪ್ಯಾಕ್ಟ್ ಡ್ರೈವರಿಗೆ ಬಿಡಬೇಡಿ

ನಮಸ್ಕಾರ. ಇವತ್ತಿನ ಮಾತು ಮನೆಗೆ ಸೋಲಾರ್ ಹಾಕಿಸುವವರಿಗೂ ಹೌದು, ಹಾಕುವವರಿಗೂ ಹೌದು. ಪ್ಯಾನೆಲ್ ಯಾವ ಕಂಪನಿಯದ್ದು, ಇನ್ವರ್ಟರಿಗೆ ಎಷ್ಟು ವರ್ಷ ವಾರಂಟಿ, ಸಬ್ಸಿಡಿ ಯಾವಾಗ ಬರುತ್ತದೆ, ಇದನ್ನೆಲ್ಲ ಎಲ್ಲರೂ ಕೇಳುತ್ತಾರೆ. ಸ್ಕ್ರೂ ಎಷ್ಟು ಟೈಟ್ ಮಾಡಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ನನಗೆ ಇವತ್ತು ಅದೊಂದೇ ವಿಷಯ ಮಾತಾಡಬೇಕು.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಸುರತ್ಕಲ್ ದಾಟಿ ಕುಂದಾಪುರದ ಕಡೆ ಹೋಗುವಾಗ ಹೈವೇ ಬದಿಯ ಟೆರೇಸುಗಳನ್ನೊಮ್ಮೆ ನೋಡಿ, ಪ್ಯಾನೆಲ್ ಕಾಣುತ್ತದೆ. ಒಳ್ಳೆಯದೇ, ನನಗೆ ಖುಷಿಯೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಸೈಟಿಗೆ ಹೋಗಿ ನೋಡಿ ಮಾರಾಯ್ರೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು, ಮೆಸ್ಕಾಂನವರು ಮೀಟರ್ ಇಡಲು ಬರುವಾಗ ಎಲ್ಲ ರೆಡಿ ಇರಬೇಕು. ಆ ಗಡಿಬಿಡಿಯಲ್ಲಿ ಪ್ಯಾನೆಲ್ ಕೂರಿಸುವ ಲೋಹದ ಪಟ್ಟಿಯ, ಅಂದರೆ ರೈಲಿನ, ಬೋಲ್ಟಿಗೂ ಅದೇ ಇಂಪ್ಯಾಕ್ಟ್ ಡ್ರೈವರ್ (ಹೊಡೆದು ಹೊಡೆದು ಸ್ಕ್ರೂ ಬಿಗಿಯುವ ಬ್ಯಾಟರಿ ಟೂಲ್), ಪ್ಯಾನೆಲ್ ಹಿಡಿಯುವ ಕ್ಲಾಂಪಿಗೂ ಅದೇ, ಕೊನೆಗೆ ವಯರುಗಳು ಬಂದು ಸೇರುವ ಡಿಬಿ ಬಾಕ್ಸಿನ ಒಳಗಿನ ಪುಟ್ಟ ಸ್ಕ್ರೂಗೂ ಅದೇ. ಇದು ನಿಲ್ಲಬೇಕು.

ಲೆಕ್ಕ ನೋಡಿ. ಅಂಗಡಿಯಲ್ಲಿ ಸಿಗುವ 18 ವೋಲ್ಟಿನ ಒಂದು ಇಂಪ್ಯಾಕ್ಟ್ ಡ್ರೈವರಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 160, 180 ನ್ಯೂಟನ್ ಮೀಟರ್ ಇರುತ್ತದೆ. ಮನೆಯ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟರ್ಮಿನಲ್ಲಿಗೆ, ಅಂದರೆ ವಯರ್ ಹಿಡಿಯುವ ಸ್ಕ್ರೂಗೆ, ಬೇಕಾದದ್ದು ಸಾಮಾನ್ಯವಾಗಿ 2ರಿಂದ 3.5. ಪ್ಯಾನೆಲ್ ಹಿಡಿಯುವ ಎಂ8 ಬೋಲ್ಟಿಗೆ ಹೆಚ್ಚಿನ ಮ್ಯಾನುವಲ್‌ಗಳು ಹೇಳುವುದು 16ರಿಂದ 20ರ ಆಸುಪಾಸು. ಟ್ರಿಗರನ್ನು ಮೆಲ್ಲ ಒತ್ತುತ್ತೇನೆ ಅಂತ ಹುಡುಗರು ಹೇಳುತ್ತಾರೆ. ಒತ್ತಬಹುದು. ಆದರೆ ಇಂಪ್ಯಾಕ್ಟ್ ತಿರುಗಿಸುವುದಷ್ಟೇ ಅಲ್ಲ, ಒಳಗಿನ ಸುತ್ತಿಗೆಯಿಂದ ಹೊಡೆಯುತ್ತದೆ. ಎಷ್ಟು ಏಟು ಬಿತ್ತು, ಪ್ರತಿ ಏಟಿಗೆ ಎಷ್ಟು ಜೋರು, ಇದನ್ನು ಕೈಯಿಂದ ಅಳೆಯಲು ಯಾರಿಗೂ ಸಾಧ್ಯವಿಲ್ಲ.

ಲೂಸ್ ಬಿಟ್ಟರೆ ಎಂತ ಆಗುತ್ತದೆ? 13 ಆಂಪಿಯರ್ ಹರಿಯುವ ಜಾಯಿಂಟ್ ಅಂದುಕೊಳ್ಳಿ. ಸರಿಯಾಗಿ ಕೂರದ ಕಾರಣ ಅಲ್ಲಿ 0.05 ಓಮ್ ರೆಸಿಸ್ಟೆನ್ಸ್ ಬಂತು. ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಮತ್ತೆ ರೆಸಿಸ್ಟೆನ್ಸಿನಿಂದ ಗುಣಿಸಿದರೆ ಸುಮಾರು 8 ವ್ಯಾಟ್. ಒಂದು ಎಲ್‌ಇಡಿ ಬಲ್ಬ್ ಉರಿಸುವಷ್ಟು ಶಕ್ತಿ ಕಡಲೆಕಾಳಿನಷ್ಟು ಜಾಗದಲ್ಲಿ ಬಿಸಿಯಾಗಿ ಕೂತಿರುತ್ತದೆ. ಬಿಸಿಗೆ ತಾಮ್ರದ ಮೇಲೆ ಕಪ್ಪು ಪದರ ಬರುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಮತ್ತೂ ಬಿಸಿ. ದಿನಾ ಹಗಲು ಕಾಯುವುದು, ರಾತ್ರಿ ತಣಿಯುವುದು. ಸ್ಕ್ರೂ ಇನ್ನಷ್ಟು ಸಡಿಲ.

ಇಲ್ಲಿ ಜನ ನಂಬಿಕೊಂಡಿರುವ ಒಂದು ಮಾತನ್ನು ಬಿಡಿಸಿ ಹೇಳಬೇಕು. ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತದೆ ಅಂತ. ಲೂಸ್ ಜಾಯಿಂಟಿನಲ್ಲಿ ಕರೆಂಟ್ ಜಾಸ್ತಿ ಹರಿಯುವುದೇ ಇಲ್ಲ. ಅದೇ 13 ಆಂಪಿಯರ್. ಹಾಗಾಗಿ ಪ್ಲಾಸ್ಟಿಕ್ ಕರಗುವವರೆಗೂ ಎಂಸಿಬಿ ಸುಮ್ನೆ ಕೂತಿರಬಹುದು. ಪ್ಯಾನೆಲಿನಿಂದ ಇನ್ವರ್ಟರಿನವರೆಗಿನ ಡಿಸಿ ಕಡೆ ಇನ್ನೂ ಕಷ್ಟ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಕಿಡಿ ಹತ್ತಿದರೂ ಆರಲು ಒಂದು ಅವಕಾಶ ಉಂಟು. ಡಿಸಿ ಸೊನ್ನೆಗೆ ಬರುವುದಿಲ್ಲ. ಸಾಲಾಗಿ ಜೋಡಿಸಿದ ಪ್ಯಾನೆಲುಗಳ ನೂರಾರು ವೋಲ್ಟಿನ ಸ್ಟ್ರಿಂಗಿನಲ್ಲಿ ಆರ್ಕ್, ಅಂದರೆ ಬಿಡದೆ ಉರಿಯುವ ಕಿಡಿ, ಹತ್ತಿದರೆ ಬಿಸಿಲು ಇರುವಷ್ಟು ಹೊತ್ತು ಉರಿಯಬಹುದು.

ಉಡುಪಿ ಹತ್ತಿರದ ಒಂದು ಮನೆಯಲ್ಲಿ ಡಿಸಿ ಬಾಕ್ಸ್ ತೆಗೆದು ನೋಡಿದ್ದೆ. ಫ್ಯೂಸ್ ಹೋಲ್ಡರಿನ ಒಂದು ಬದಿ ಬಿಳಿ, ಇನ್ನೊಂದು ಬದಿ ಚಹಾ ಕಲೆಯ ಹಾಗೆ ಕಂದು. ಕೇಬಲ್ಲಿನ ಕೆಂಪು ಇನ್ಸುಲೇಶನ್ ತುದಿಯಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಡಿಸಿ ಆಫ್ ಮಾಡಿ, ವೋಲ್ಟೇಜ್ ಇಲ್ಲ ಅಂತ ಖಚಿತ ಮಾಡಿಕೊಂಡು ಸ್ಕ್ರೂ ಮುಟ್ಟಿದರೆ ಒಳಗಿನ ಥ್ರೆಡ್ ಹೋಗಿತ್ತು, ಸುಮ್ನೆ ತಿರುಗುತ್ತಿತ್ತು. ಲೂಸ್ ಬಿಟ್ಟದ್ದಲ್ಲ, ವಿಪರೀತ ಟೈಟ್ ಮಾಡಿದ್ದು. ಸ್ಕ್ರೂ ತಲೆಯ ಸೀಳೂ ಬಿಟ್ ಜಾರಿ ಜಾರಿ ದುಂಡಗಾಗಿತ್ತು. ಜಾಸ್ತಿ ಬಿಗಿದರೆ ವಯರಿನ ಎಳೆ ತುಂಡಾಗುತ್ತದೆ, ಥ್ರೆಡ್ ಹೋಗುತ್ತದೆ, ಎಂಸಿಬಿ ಮೈ ಬಿರುಕು ಬಿಡುತ್ತದೆ. ಕೊನೆಗೆ ಸಿಗುವುದು ಅದೇ ಲೂಸ್ ಕನೆಕ್ಷನ್.

ಹಾಗಾದರೆ ಡ್ರಿಲ್ಲಿನ ಕ್ಲಚ್ ಇದೆಯಲ್ಲ ಅಣ್ಣ, ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಚಕ್‌ನ ಹಿಂದಿನ ರಿಂಗಿನಲ್ಲಿ 1ರಿಂದ 20ರವರೆಗೆ ನಂಬರ್ ಇರುತ್ತದೆ. ಅದು ನ್ಯೂಟನ್ ಮೀಟರ್ ಅಲ್ಲ. 5ಕ್ಕಿಂತ 6 ಸ್ವಲ್ಪ ಜಾಸ್ತಿ, ಅಷ್ಟೇ ಅದರ ಅರ್ಥ. ಒಂದು ಕಂಪನಿಯ 6 ಇನ್ನೊಂದು ಕಂಪನಿಯ 6 ಅಲ್ಲ. ಸ್ಪೀಡ್ ಬದಲಾದರೆ, ಕ್ಲಚ್ಚಿನ ಸ್ಪ್ರಿಂಗ್ ಸವೆದರೆ ಫಲಿತಾಂಶವೂ ಬದಲಾಗುತ್ತದೆ. ಇನ್ನೊಂದು ಸೂಕ್ಷ್ಮ ಉಂಟು. ಲೋಹದ ಮೇಲೆ ಲೋಹ ಕೂರುವ ಗಟ್ಟಿ ಜಾಯಿಂಟಿನಲ್ಲಿ ಟಾರ್ಕ್ ಥಟ್ಟನೆ ಏರುತ್ತದೆ. ಕ್ಲಚ್ ಬಿಟ್ಟರೂ ತಿರುಗುತ್ತಿದ್ದ ಮೋಟರಿನ ವೇಗ ಸ್ಕ್ರೂವನ್ನು ಇನ್ನೂ ಒಂದಿಷ್ಟು ಒಯ್ಯುತ್ತದೆ. ರಬ್ಬರ್ ಗ್ಯಾಸ್ಕೆಟ್ ಇರುವ ಮೆತ್ತನೆ ಜಾಯಿಂಟಿನಲ್ಲಿ ಅದೇ ಸೆಟ್ಟಿಂಗ್ ಬೇರೆ ಫಲ ಕೊಡುತ್ತದೆ.

ಎಲೆಕ್ಟ್ರಾನಿಕ್ ಆಗಿ ಟಾರ್ಕ್ ಅಳೆದು ತಾನೇ ನಿಲ್ಲುವ ಬ್ಯಾಟರಿ ಟೂಲುಗಳು ಈಗ ಬಂದಿವೆ. ನಾನು ಅವುಗಳ ವಿರೋಧಿ ಅಲ್ಲ. ದೊಡ್ಡ ಪ್ಲಾಂಟಿನಲ್ಲಿ ಸಾವಿರಾರು ಕ್ಲಾಂಪ್ ಕೂರಿಸುವವರಿಗೆ ಅದು ಬೇಕೇ ಬೇಕು. ಆದರೆ ಆ ಟೂಲಿಗೂ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿ ಉಂಟಾ ಅಂತ ಪರೀಕ್ಷೆ, ಬೇಕು; ಆಗಾಗ ಕೈ ಟಾರ್ಕ್ ರೆಂಚಿನಿಂದ (ಇಟ್ಟ ಟಾರ್ಕ್ ಬಂದ ಕೂಡಲೇ ಕ್ಲಿಕ್ ಅನ್ನುವ ಸ್ಪ್ಯಾನರ್) ಕೆಲವು ಬೋಲ್ಟ್ ಪರೀಕ್ಷಿಸಬೇಕು. ಸ್ಕ್ರೀನಿನಲ್ಲಿ ನಂಬರ್ ಕಂಡ ಮಾತ್ರಕ್ಕೆ ನಂಬುವ ಹಾಗಿಲ್ಲ.

ಈಗ ಮಾಡಿನ ಮೇಲಿನ ಕೆಲಸ. ಕರಾವಳಿಯ ಉಪ್ಪು ಗಾಳಿಗೆ ನಾವು ಸ್ಟೇನ್‌ಲೆಸ್ ಬೋಲ್ಟ್ ಹಾಕುತ್ತೇವೆ. ಮಲ್ಪೆ, ಪಣಂಬೂರಿನ ಹಾಗೆ ಕಡಲ ಹತ್ತಿರವಾದರೆ 304 ದರ್ಜೆಯ ಸ್ಟೀಲಿಗಿಂತ 316 ದರ್ಜೆಯದ್ದು ಒಳ್ಳೆಯದು. ಆದರೆ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿ ಇಂಪ್ಯಾಕ್ಟಿನಲ್ಲಿ ಭರ್ರನೆ ಓಡಿಸಿದರೆ ಥ್ರೆಡ್ಡಿಗೆ ಥ್ರೆಡ್ ಕಚ್ಚಿಕೊಳ್ಳುತ್ತದೆ. ಮುಂದೆಯೂ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ, ಗ್ರೈಂಡರ್ ತಂದು ಕತ್ತರಿಸಬೇಕು. ಅದಕ್ಕಿಂತ ಅಪಾಯದ್ದು, ಅರ್ಧದಲ್ಲಿ ಕಚ್ಚಿದ ನಟ್ ಕೈಗೆ ಟೈಟ್ ಅನಿಸುತ್ತದೆ, ಕೆಳಗೆ ಕ್ಲಾಂಪ್ ಪ್ಯಾನೆಲನ್ನು ಹಿಡಿದೇ ಇರುವುದಿಲ್ಲ.

ಹೀಗಾಗಲು ಕಾರಣ ಉಂಟು. ನಾವು ಹಾಕುವ ಟಾರ್ಕಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಎಳೆದು ಹಿಡಿಯುವುದು ಉಳಿದ ಒಂದು ಪಾಲು. ಘರ್ಷಣೆ ಸ್ವಲ್ಪ ಬದಲಾದರೂ ಹಿಡಿತ ತುಂಬಾ ಬದಲಾಗುತ್ತದೆ. ಕಚ್ಚದಿರಲಿ ಅಂತ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಎಳೆಯುತ್ತದೆ. ಹಾಗಾಗಿ ಮ್ಯಾನುವಲ್ಲಿನ ನಂಬರ್ ಒಣ ಥ್ರೆಡ್ಡಿಗೋ ಪೇಸ್ಟ್ ಹಚ್ಚಿದ್ದಕ್ಕೋ ಅಂತ ನೋಡಿಯೇ ಹಾಕಬೇಕು.

ಗಾಳಿಯ ಲೆಕ್ಕ ಮಾಡುವ ಭಾರತೀಯ ಮಾನಕ ಐಎಸ್ 875ರಲ್ಲಿ ಮಂಗಳೂರಿಗೆ ಕೊಟ್ಟ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಗಂಟೆಗೆ 140 ಕಿಲೋಮೀಟರ್ ಆಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಿನಲ್ಲಿ ಹಾದುಹೋದದ್ದು ನೆನಪುಂಟಲ್ವಾ? ಅಂಥ ಗಾಳಿ ಪ್ಯಾನೆಲನ್ನು ಕೆಳಗಿನಿಂದ ಎತ್ತುತ್ತದೆ. ಹಿಡಿದಿಡುವುದು ಆ ನಾಲ್ಕು ಕ್ಲಾಂಪು.

ನನ್ನ ಮಾತು ಇಷ್ಟೇ. ಮಾಡಿನ ಮೇಲೆ ಬ್ಯಾಟರಿ ಟೂಲ್ ಬಳಸಿ, ಕಡಿಮೆ ಸ್ಪೀಡಿನಲ್ಲಿ, ನಟ್ ಹೋಗಿ ಕೂರುವವರೆಗೆ. ಅಲ್ಲಿಂದ ಮುಂದಿನ ಕಾಲು ಸುತ್ತು ಕ್ಯಾಲಿಬ್ರೇಟ್ ಆದ ಟಾರ್ಕ್ ರೆಂಚಿನದ್ದು. ಡಿಬಿ ಒಳಗೆ ಟಾರ್ಕ್ ಸ್ಕ್ರೂಡ್ರೈವರಿನದ್ದು. ಕ್ಲಿಕ್ ಅಂದ ಕೂಡಲೇ ನಿಲ್ಲಿಸಿ. ಇರಲಿ ಅಂತ ಇನ್ನೊಂದು ಕ್ಲಿಕ್ ಬೇಡ. ಬೋಲ್ಟ್ ಬಿಚ್ಚಲು ಟಾರ್ಕ್ ರೆಂಚನ್ನು ಮಾಮೂಲಿ ಸ್ಪ್ಯಾನರಿನ ಹಾಗೆ ಬಳಸಬೇಡಿ, ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಇಳಿಸಿ ಕನಿಷ್ಠ ಸೆಟ್ಟಿಂಗಿನಲ್ಲಿ ಇಡಿ. ಟೈಟ್ ಮಾಡಿದ ಮೇಲೆ ಬೋಲ್ಟಿಗೂ ಕ್ಲಾಂಪಿಗೂ ಸೇರಿಸಿ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಸಡಿಲವಾಗಿ ತಿರುಗಿದರೆ ಮುಂದಿನ ಸಲ ಗೆರೆ ಮುರಿದದ್ದು ಕಾಣುತ್ತದೆ.

ಕೈ ಅಂದಾಜು ಸಾಕು ಎನ್ನುವ ಹಿರಿಯರ ಅನುಭವದ ಮೇಲೆ ನನಗೆ ಗೌರವ ಉಂಟು. ಆದರೆ ಬೆಳಿಗ್ಗೆ ಎಂಟು ಗಂಟೆಯ ಕೈ ಬೇರೆ, ಕಾದ ಶೀಟಿನ ಮೇಲೆ ಮಧ್ಯಾಹ್ನ ಮೂರು ಗಂಟೆಯ ಕೈ ಬೇರೆ. ಅಮೆರಿಕದ ಎಲೆಕ್ಟ್ರಿಕಲ್ ಕೋಡ್ 2017ರಲ್ಲೇ ಹೇಳಿತು, ತಯಾರಕರು ಟಾರ್ಕ್ ನಂಬರ್ ಕೊಟ್ಟಿದ್ದರೆ ಕ್ಯಾಲಿಬ್ರೇಟ್ ಆದ ಟೂಲಿನಿಂದಲೇ ಬಿಗಿಯಬೇಕು ಅಂತ. ಅಲ್ಲಿಯೂ ಅನುಭವಿಗಳು ಇದ್ದರು.

ಖರ್ಚಿನ ಮಾತು ಬರುತ್ತದೆ, ಬರಲಿ. ಟಾರ್ಕ್ ಹಾಕಲು ಹೆಚ್ಚು ಸಮಯ ಬೇಕು, ಆ ಸಮಯಕ್ಕೆ ಹುಡುಗರಿಗೆ ಕೂಲಿ ಕೊಡಬೇಕು. ಅತಿ ಕಡಿಮೆ ಕೊಟೇಶನ್ ಹುಡುಕುವ ಮನೆಯವರೂ ಇದರಲ್ಲಿ ಪಾಲುದಾರರು. ಮನೆಯವರಿಗೆ ನನ್ನ ವಿನಂತಿ: ಬಾಕ್ಸ್ ತೆಗೆದು ನೀವೇ ಟೈಟ್ ಮಾಡಲು ಹೋಗಬೇಡಿ, ಹಗಲು ಹೊತ್ತು ಡಿಸಿ ವಯರಿನಲ್ಲಿ ಯಾವಾಗಲೂ ವೋಲ್ಟೇಜ್ ಇರುತ್ತದೆ. ಕೆಲಸಕ್ಕೆ ಒಪ್ಪುವ ಮೊದಲೇ ಟಾರ್ಕ್ ಟೂಲ್ ಮತ್ತು ಅದರ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ತೋರಿಸಲು ಹೇಳಿ. ಯಾವ ಟರ್ಮಿನಲ್ಲಿಗೆ, ಯಾವ ಕ್ಲಾಂಪಿಗೆ ಎಷ್ಟು ನ್ಯೂಟನ್ ಮೀಟರ್ ಹಾಕಿದ್ದು ಅಂತ ಬರೆದು ಸಹಿ ಮಾಡಿದ ಒಂದು ಹಾಳೆ ಬೇಕು ಅಂತ ಕೊಟೇಶನ್ನಿನಲ್ಲೇ ಸೇರಿಸಿ. ಆ ಹಾಳೆ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.