ಪಾಂಪೇಯ ಪೇಟೆ ಬೀದಿಯಲ್ಲಿ ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋದಲ್ಲಿ ಕಂಬ, ಕಮಾನು, ದೇವಸ್ಥಾನ ಎಲ್ಲ ಕಡಿಮೆ. ಹೊಸ್ತಿಲುಗಳು ಜಾಸ್ತಿ. ಎಡಿಟಿಂಗ್‌ಗೆ ಕೂತಾಗಲೇ ನನಗೂ ಗೊತ್ತಾಗಿದ್ದು. ಎರಡೂವರೆ ಗಂಟೆ ನಡೆದು ತೆಗೆದ ಕ್ಲಿಪ್‌ಗಳಲ್ಲಿ ಅರ್ಧಕ್ಕರ್ಧ ನೆಲವನ್ನೇ ತೋರಿಸುತ್ತಿವೆ. ಅದಕ್ಕೆ ಕಾರಣ ಅಮ್ಮ.

ಇದು ಇಟಲಿಯ ಪಾಂಪೇ. ನೇಪಲ್ಸ್‌ನಿಂದ ಲೋಕಲ್ ಟ್ರೇನ್ ಹತ್ತಿದರೆ ಒಂದು ಗಂಟೆಯೊಳಗೆ ಬಂದುಬಿಡಬಹುದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು, ಊರಿಗೆ ಊರೇ ಬೂದಿ ಮತ್ತು ಹಗುರ ಕಲ್ಲುಗಳ ಅಡಿ ಹೂತುಹೋಯಿತು. 1748ರಲ್ಲಿ ಅಗೆಯಲು ಶುರು ಮಾಡಿದರು. ಸುಮಾರು 66 ಹೆಕ್ಟೇರ್‌ನ ಊರಿದು. ಅದರಲ್ಲಿ ಮೂರನೇ ಒಂದು ಭಾಗ ಇವತ್ತಿಗೂ ಮಣ್ಣಿನೊಳಗೇ ಇದೆ. ನೀವು ಬರುವುದಾದರೆ ಟಿಕೆಟ್ ಮೊದಲೇ ತೆಗೆದುಕೊಳ್ಳಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನಕ್ಕೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರೂ ಇರಬೇಕು.

ಹಸಿರು ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ತಲೆಗೆ ನನ್ನ ಕ್ಯಾಪ್. ಇವರೇ ಅಮ್ಮ. ನಮ್ಮದು ತಿಪಟೂರು. ಪೇಟೆಯಲ್ಲಿ ಒಂದು ದಿನಸಿ ಅಂಗಡಿ ಇತ್ತು. ಸಾಮಾನು ತರುವುದು ಅಪ್ಪನ ಕೆಲಸ, ಗಲ್ಲಾ ಮಾತ್ರ ಅಮ್ಮನದು. ಮೂವತ್ತೊಂದು ವರ್ಷ ಅಲ್ಲೇ ಕೂತಿದ್ದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ ನಾವು ಒಳಗೆ ಹೋಗುತ್ತಿದ್ದೇವೆ. ಪೋರ್ತಾ ಮರೀನಾ ಅಂತ, ಸಮುದ್ರದ ಕಡೆಯ ಬಾಗಿಲು. ಎರಡು ಕಮಾನು ಇವೆ. ದಾರಿ ಸಿಕ್ಕಾಪಟ್ಟೆ ಏರು, ಮೇಲಾಗಿ ಜನ ಓಡಾಡಿ ಓಡಾಡಿ ಕಲ್ಲು ನುಣ್ಣಗಾಗಿದೆ. ಫೋಟೋಗೆ ಚೆನ್ನಾಗಿರುತ್ತೆ ಅಂತ ನಾನು ಹಾಕಿಕೊಂಡು ಹೋಗಿದ್ದ ಚಪ್ಪಟೆ ಶೂ ಇಲ್ಲೇ ಒಮ್ಮೆ ಜಾರಿತು. ಆ ಕ್ಲಿಪ್ ಹಾಕುವುದಿಲ್ಲ. ಸ್ಪೋರ್ಟ್ಸ್ ಶೂ ಹಾಕಿದ್ದ ಅಮ್ಮ ಆರಾಮಾಗಿ ಹತ್ತಿಹೋಗಿ, ಮೇಲೆ ನಿಂತು ನನಗಾಗಿ ಕಾಯುತ್ತಿದ್ದಾರೆ ನೋಡಿ.

ಗೈಡ್ ಇದೇ ಕಡೆಯ ಹೆಂಗಸು. ಅರವತ್ತು ದಾಟಿರಬಹುದು. ಎಲ್ಲರ ಕಿವಿಗೂ ಒಂದೊಂದು ರಿಸೀವರ್ ಕೊಟ್ಟರು. ಅಮ್ಮ ಎರಡು ನಿಮಿಷ ಹಾಕಿಕೊಂಡು, ‘ಇದು ಬೇಡ, ಏನಂದ್ರು ಅಂತ ನೀನೇ ಹೇಳು’ ಅಂತ ನನ್ನ ಕೈಗೇ ಕೊಟ್ಟರು. ಹಾಗಾಗಿ ಇಡೀ ಟೂರ್ ಕ್ಯಾಮೆರಾ ಹಿಡಿಯುವುದೂ ನಾನೇ, ಅನುವಾದವೂ ನನ್ನದೇ.

ಇದು ಫೋರಂ, ಊರಿನ ಮುಖ್ಯ ಚೌಕ. ಹಿಂದೆ ಕಾಣುತ್ತಿರುವ ಬೆಟ್ಟವೇ ವೆಸೂವಿಯಸ್. ಎಷ್ಟು ಸಾಧು ಅನ್ನಿಸುತ್ತೆ, ಅಲ್ವಾ? ಸಿಡಿದ ದಿನ ಯಾವುದು ಅನ್ನುವುದರ ಬಗ್ಗೆ ಈಗಲೂ ಚರ್ಚೆ ಇದೆ. ಮೊದಲಿಂದ ಆಗಸ್ಟ್ 24 ಅಂತಲೇ ಹೇಳುತ್ತಿದ್ದರು. 2018ರಲ್ಲಿ ಒಂದು ಮನೆಯ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದ ಬರಹ ಸಿಕ್ಕಿತು. ಅದರ ತಾರೀಖು ಅಕ್ಟೋಬರ್ 17ಕ್ಕೆ ಬರುತ್ತದೆ. ಇದ್ದಿಲಿನ ಬರಹ ಜಾಸ್ತಿ ದಿನ ಉಳಿಯುವುದಿಲ್ಲವಲ್ಲ, ಹಾಗಾಗಿ ಅಕ್ಟೋಬರ್ ಕೊನೆಯಲ್ಲೇ ಸಿಡಿದಿರಬೇಕು ಅಂತ ಈಗ ಹಲವರ ವಾದ.

ಗೈಡ್ ಇದನ್ನೆಲ್ಲ ಹೇಳುತ್ತಿರುವಾಗ ಅಮ್ಮ ಇಲ್ಲಿರಲಿಲ್ಲ. ಹುಡುಕಿದರೆ, ಪಕ್ಕದಲ್ಲಿ ಒಂದು ಕಲ್ಲಿನ ಮೇಜಿನ ಮುಂದೆ ಬಗ್ಗಿ ನಿಂತಿದ್ದಾರೆ. ಮೇಜಿನಲ್ಲಿ ಸಾಲಾಗಿ ದುಂಡಗಿನ ಕುಳಿಗಳು. ಒಂದು ದೊಡ್ಡದು, ಒಂದು ಚಿಕ್ಕದು, ಇನ್ನೊಂದು ಇನ್ನೂ ಚಿಕ್ಕದು. ‘ಏ ಬಾರೇ ಇಲ್ಲಿ. ಇದು ಸೇರು, ಇದು ಅರ್ಧ ಸೇರು, ಇದು ಪಾವು. ಹೌದೋ ಅಲ್ವೋ ಕೇಳು.’

ಕೇಳಿದೆ. ಗೈಡ್ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅದು ಸರ್ಕಾರಿ ಅಳತೆಯ ಮೇಜಂತೆ. ವ್ಯಾಪಾರಿ ಮೋಸ ಮಾಡಿದ್ದಾನೆ ಅನ್ನಿಸಿದರೆ ಇಲ್ಲಿಗೆ ತಂದು ಸುರಿದು ನೋಡಬಹುದಿತ್ತು. ಅಳತೆ ಆದ ಮೇಲೆ ಸಾಮಾನು ಕೆಳಗೆ ಬೀಳಲು ಕುಳಿಯ ತಳದಲ್ಲಿ ತೂತು. ಅಸಲಿ ಕಲ್ಲು ನೇಪಲ್ಸ್ ಮ್ಯೂಸಿಯಂನಲ್ಲಿದೆ, ಇಲ್ಲಿರುವುದು ಅದರ ನಕಲು. ಈ ಮೇಜಿಗೆ ಇನ್ನೊಂದು ಕತೆ ಇದೆ. ಮೊದಲು ಇಲ್ಲಿದ್ದದ್ದು ಸ್ಥಳೀಯ ಓಸ್ಕನ್ ಜನರ ಅಳತೆ. ಆಮೇಲೆ ಅವರ ಬರಹ ಅಳಿಸಿ, ಕುಳಿಗಳನ್ನು ಕೊರೆದು ರೋಮ್‌ನ ಅಳತೆಗೆ ಸರಿಮಾಡಿದರು. ಸೇರು ಹೋಗಿ ಕಿಲೋ ಬಂದಾಗ ಅಂಗಡಿಗಳಲ್ಲಿ ಏನೇನು ಜಗಳ ಆಗಿತ್ತು ಅಂತ ಅಮ್ಮ ತಮ್ಮ ಅತ್ತೆಯ ಬಾಯಲ್ಲಿ ಕೇಳಿದ್ದನ್ನು ಹೇಳಲು ಶುರು ಮಾಡಿದರು. ಅದನ್ನು ಇಂಗ್ಲಿಷ್‌ಗೆ ತರುವಷ್ಟರಲ್ಲಿ ನಮ್ಮ ಗುಂಪು ಮುಂದೆ ಹೋಗಿಬಿಟ್ಟಿತ್ತು.

ಬೀದಿ ನೋಡಿ ಈಗ. ಎರಡೂ ಕಡೆ ಎತ್ತರದ ಜಗಲಿ ತರಹದ ಫುಟ್‌ಪಾತ್, ನಡುವೆ ತಗ್ಗು. ಮಳೆ ನೀರು, ಕೊಚ್ಚೆ ಎಲ್ಲ ಈ ತಗ್ಗಿನಲ್ಲೇ ಹರಿಯುತ್ತಿತ್ತು. ದಾಟಲು ಅಲ್ಲಲ್ಲಿ ಈ ದಪ್ಪ ಕಲ್ಲುಗಳು. ಕಲ್ಲುಗಳ ನಡುವೆ ಗಾಡಿ ಚಕ್ರ ಹೋಗುವಷ್ಟು ಜಾಗ. ಚಕ್ರ ಓಡಿ ಓಡಿ ನೆಲದಲ್ಲಿ ಬಿದ್ದ ಗೀರುಗಳಲ್ಲಿ ನನ್ನ ಇಡೀ ಪಾದ ಇಳಿಯುತ್ತದೆ. ಗಾಡಿ ತಿರುಗುವಾಗ ಮೂಲೆ ಕಲ್ಲು ಯಾವ ಕಡೆ ಸವೆದಿದೆ ಅಂತ ನೋಡಿ, ಕೆಲವು ಬೀದಿಗಳು ಒನ್‌ವೇ ಆಗಿದ್ದವು ಅಂತಲೂ ಕಂಡುಹಿಡಿದಿದ್ದಾರೆ.

ಇಲ್ಲಿಂದ ಸ್ನಾನಗೃಹ. ನೆಲದ ಕೆಳಗೆ, ಗೋಡೆಯ ಒಳಗೆ ಟೊಳ್ಳು ಬಿಟ್ಟು ಬಿಸಿಗಾಳಿ ಹರಿಸುತ್ತಿದ್ದರು. ಚೆನ್ನಾಗಿದೆ, ಆದರೆ ಒಳಗೆ ಮೂರು ಗುಂಪು ಒಟ್ಟಿಗೆ ಸೇರಿ ಉಸಿರಾಡಲೂ ಜಾಗ ಇರಲಿಲ್ಲ. ಪಕ್ಕದ ಸಂದಿಯಲ್ಲಿ ಒಂದು ಉದ್ದ ಕ್ಯೂ. ಅಲ್ಲೇನು ಅಂತ ಅಮ್ಮ ಕೇಳಿದರು. ಅದು ಊರಿನ ವೇಶ್ಯಾಗೃಹ. ನಾನು ‘ಲಾಡ್ಜು’ ಅಂದೆ. ಅಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ‘ಸರಿ, ಮುಂದೆ ನಡಿ’ ಅಂದರು.

ಗೈಡ್ ಇಲ್ಲಿ ನಿಂತು, ಹತ್ತಿರದ ಒಂದು ಮನೆಯ ನೆಲದ ಫೋಟೋವನ್ನು ಫೋನ್‌ನಲ್ಲಿ ತೋರಿಸಿದರು. ಬಾಗಿಲಲ್ಲೇ ನೆಲದ ಮೇಲೆ ಬರೆದಿದೆ, ‘ಸಾಲ್ವೆ ಲುಕ್ರು’. ‘ಲಾಭವೇ, ಬಾ’ ಅಂತ ಅರ್ಥ. ಇದನ್ನು ಹೇಳಿದ್ದೇ ತಡ, ಅಮ್ಮನಿಗೆ ನಗು ತಡೆಯಲು ಆಗಲಿಲ್ಲ. ಯಾಕೆ ಅಂತ ನಿಮಗೆ ಗೊತ್ತಿರುತ್ತದೆ. ಕಾಳು ಅಳೆಯುವಾಗ ನಮ್ಮವರು ‘ಒಂದು’ ಅನ್ನುವುದಿಲ್ಲ. ‘ಲಾಭ, ಎರಡು, ಮೂರು’ ಅಂತಲೇ ಎಣಿಸುವುದು. ಗೈಡ್‌ಗೆ ಇದನ್ನು ಹೇಳಿದೆ. ಅವರು ಅಲ್ಲೇ ‘ಲಾಭ, ಲಾಭ’ ಅಂತ ನಾಲ್ಕು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು. ಈಗ ಪಾಂಪೇಯಲ್ಲಿ ಯಾರಾದರೂ ಗೈಡ್ ನಿಮಗೆ ‘ಲಾಭ’ ಅಂದರೆ ಆಶ್ಚರ್ಯಪಡಬೇಡಿ.

ಬೇಕರಿ ಬಗ್ಗೆ ಒಂದು ಮಾತು. ಮಧ್ಯದಲ್ಲಿ ಸಣ್ಣಗಾಗಿರುವ, ಡಮರುಗದ ಆಕಾರದ ಈ ಕಪ್ಪು ಕಲ್ಲುಗಳು ಬೀಸುವ ಕಲ್ಲುಗಳು. ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಒಂದು ಬೇಕರಿಯ ಒಲೆಯೊಳಗೆ 81 ರೊಟ್ಟಿಗಳು ಸುಟ್ಟು ಕರಿಯಾಗಿ ಹಾಗೇ ಸಿಕ್ಕಿದವು. ಒಲೆಗೆ ಹಾಕಿದವರು ತೆಗೆಯಲು ವಾಪಸ್ ಬರಲಿಲ್ಲ.

ಇನ್ನು ಈ ವಿಡಿಯೋದ ಅಸಲಿ ಜಾಗ. ವಿಯಾ ದೆಲ್ಲಬ್ಬೊಂದಾಂತ್ಸಾ, ಊರಿನ ಉದ್ದನೆಯ ಅಂಗಡಿ ಬೀದಿ. ಇಲ್ಲಿ ಅಮ್ಮ ಗುಂಪನ್ನು ಪೂರ್ತಿ ಬಿಟ್ಟೇಬಿಟ್ಟರು. ಒಂದೊಂದು ಅಂಗಡಿಯ ಹೊಸ್ತಿಲ ಮುಂದೆಯೂ ನಿಲ್ಲುವುದು, ಬಗ್ಗುವುದು, ಕೈ ಆಡಿಸುವುದು. ಹೊಸ್ತಿಲ ಕಲ್ಲಿನ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆದಿದ್ದಾರೆ, ಕಾಣುತ್ತಾ? ಒಂದು ತುದಿಯಲ್ಲಿ ಮಾತ್ರ ಬಾಗಿಲು ತಿರುಗಲು ಒಂದು ಗುಂಡಿ.

ನಮ್ಮ ಅಂಗಡಿಗೆ ಶಟರ್ ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಅದಕ್ಕೂ ಮೊದಲು ಇದ್ದದ್ದು ಹಲಗೆ ಬಾಗಿಲು. ಹತ್ತು ಹಲಗೆ. ಪ್ರತಿಯೊಂದರ ಹಿಂದೆ ಬಣ್ಣದಲ್ಲಿ ನಂಬರ್. ರಾತ್ರಿ ಒಂದೊಂದಾಗಿ ಹೊಸ್ತಿಲ ತೋಡಿನೊಳಗೆ ತೂರಿಸಿ ಸರಿಸಬೇಕು. ಆರನೆಯದರ ಜಾಗಕ್ಕೆ ಏಳು ಹಾಕಿದರೆ ಕೊನೆಯದು ಕೂರುವುದೇ ಇಲ್ಲ. ಕೊನೆಯ ಹಲಗೆ ಮಾತ್ರ ಚಿಕ್ಕ ಬಾಗಿಲಿನ ಹಾಗೆ ತೆರೆಯುತ್ತಿತ್ತು. ರಾತ್ರಿ ಯಾರಾದರೂ ಸಕ್ಕರೆ, ಸೀಮೆಎಣ್ಣೆ ಅಂತ ಬಂದರೆ ಅದನ್ನೇ ತೆರೆದು ಕೊಡುವುದು.

ಗೈಡ್ ನಮ್ಮನ್ನು ಹುಡುಕಿಕೊಂಡು ವಾಪಸ್ ಬಂದರು. ನನಗೆ ಸ್ವಲ್ಪ ಮುಜುಗರ. ಅಮ್ಮನಿಗೆ ಏನೂ ಇಲ್ಲ. ಕನ್ನಡದಲ್ಲೇ, ಕೈಯಲ್ಲೇ ಹಲಗೆ ಎತ್ತಿ, ತೂರಿಸಿ, ಸರಿಸಿ ತೋರಿಸಿದರು. ಕೊನೆಗೆ ಚಿಲಕವನ್ನೂ ಹಾಕಿದರು. ಗೈಡ್ ತಲೆಯಾಡಿಸಿ, ನಮ್ಮನ್ನು ಸ್ವಲ್ಪ ಮುಂದೆ ಕರೆದುಕೊಂಡು ಹೋಗಿ ಇದನ್ನು ತೋರಿಸಿದರು. ಮರ ಕೊಳೆತುಹೋದ ಮೇಲೆ ಬೂದಿಯಲ್ಲಿ ಉಳಿದ ಅಚ್ಚಿಗೆ ಪ್ಲಾಸ್ಟರ್ ಸುರಿದು ತೆಗೆದ ಅಂಗಡಿ ಬಾಗಿಲು. ಒಂದರ ಪಕ್ಕ ಒಂದು ಹಲಗೆ, ಕೊನೆಯಲ್ಲಿ ಚಿಕ್ಕ ಬಾಗಿಲು. ಅಮ್ಮ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ನಂಬರ್ ಬರೆದಿರ್ತಾರೆ, ಹಿಂದುಗಡೆ ನೋಡಬೇಕು’ ಅಂದರು.

ಇದು ಅದೇ ಬೀದಿಯ ಒಂದು ತಿಂಡಿ ಅಂಗಡಿ, ಥರ್ಮೋಪೋಲಿಯಂ ಅನ್ನುತ್ತಾರೆ. ಬೀದಿಗೆ ಮುಖ ಮಾಡಿದ ಗಾರೆಯ ಕಟ್ಟೆ, ಮೇಲೆ ಬಣ್ಣಬಣ್ಣದ ಅಮೃತಶಿಲೆ ಚೂರುಗಳು. ಕಟ್ಟೆಯೊಳಗೆ ಕತ್ತಿನವರೆಗೆ ಹೂತ ದೊಡ್ಡ ಮಣ್ಣಿನ ಹರವಿಗಳು. ‘ಇಲ್ಲಿ ಬಿಸಿ ಊಟ ಮಾರುತ್ತಿದ್ದರು’ ಅಂತ ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಅಮ್ಮ ಬಗ್ಗಿ ಹರವಿಯೊಳಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ. ‘ಕಟ್ಟೆಯೊಳಗೆ ಹೂತಿಟ್ಟು ಸಾರು ಹಾಕಿದ್ರೆ ತೊಳೆಯೋದು ಹೇಗೆ?’

ವಿದ್ವಾಂಸರು ಜಗಳ ಆಡುತ್ತಿರುವುದೂ ಇದೇ ಪ್ರಶ್ನೆಯ ಮೇಲಂತೆ! ತೊಳೆಯಲು ಆಗುವುದಿಲ್ಲ, ಹಾಗಾಗಿ ಕಾಳು, ಒಣಹಣ್ಣು ಅಂಥ ಒಣ ಸಾಮಾನು ಇಡುತ್ತಿದ್ದರು ಅಂತ ಕೆಲವರು. ಆದರೆ ಊರಿನ ಇನ್ನೊಂದು ಭಾಗದಲ್ಲಿ ಅಗೆದ ಅಂಗಡಿಯೊಂದರಲ್ಲಿ, 2020ರ ಡಿಸೆಂಬರ್‌ನಲ್ಲಿ ಸುದ್ದಿಯಾಯಿತಲ್ಲ ಅದರಲ್ಲಿ, ಬಾತುಕೋಳಿ, ಹಂದಿ, ಆಡು, ಮೀನು, ಬಸವನಹುಳು ಎಲ್ಲದರ ಗುರುತು ಸಿಕ್ಕಿದೆ. ಅಮ್ಮನಿಗೆ ಇನ್ನೂ ಸಮಾಧಾನ ಆಗಿಲ್ಲ. ‘ಅವನ ಅಂಗಡೀಲಿ ನಾನಂತೂ ತಿನ್ನಲ್ಲ.’

ಕಟ್ಟೆಯ ಹಿಂದಿನ ಗೋಡೆ ನೋಡಿ. ದೇವರ ಗೂಡು. ಮನೆದೇವರುಗಳ ಜೊತೆ ಒಂದು ತುದಿಯಲ್ಲಿ ವ್ಯಾಪಾರದ ದೇವರು ಮರ್ಕ್ಯುರಿ, ಇನ್ನೊಂದು ತುದಿಯಲ್ಲಿ ದ್ರಾಕ್ಷಾರಸದ ದೇವರು. ಗಿರಾಕಿ ಬಂದಾಗ ಎದುರಿಗೆ ಕಾಣುವ ಹಾಗೆ. ಗಲ್ಲಾ ಮೇಲಿನ ಲಕ್ಷ್ಮೀ ಫೋಟೋ ನೆನಪಾಗದೇ ಇರುತ್ತಾ? ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಇದೇ ಬೀದಿಯ ಪಕ್ಕದ ಒಂದು ಮನೆಯಲ್ಲಿ 1938ರಲ್ಲಿ, ಭಾರತದಿಂದ ಬಂದ ದಂತದ ಹೆಣ್ಣು ಗೊಂಬೆ ಸಿಕ್ಕಿತು. ಒಂದು ಗೇಣಿಗಿಂತ ಸ್ವಲ್ಪ ಉದ್ದ. ‘ಪಾಂಪೇ ಲಕ್ಷ್ಮಿ’ ಅಂತಲೇ ಹೆಸರು ಬಿತ್ತು. ಲಕ್ಷ್ಮಿಯಲ್ಲ, ಯಕ್ಷಿ ಅನ್ನುವವರೇ ಈಗ ಹೆಚ್ಚು. ಹಾಗೇ ಇಲ್ಲಿನ ದುಡ್ಡು ನಮ್ಮ ಕಡೆಗೂ ಬಂದಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಗೊಂಬೆ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಅದು ಮುಂದಿನ ವಿಡಿಯೋ.

ಈಗ ಸ್ಕ್ರೀನ್ ಮೇಲೆ ಬರೀ ದ್ರಾಕ್ಷಿ ಬಳ್ಳಿ, ಹುಲ್ಲು ಕಾಣುತ್ತಿದೆಯಲ್ಲ, ಇದಕ್ಕೆ ‘ಓಡಿಹೋಗುತ್ತಿದ್ದವರ ತೋಟ’ ಅಂತಲೇ ಹೆಸರು. ಇಲ್ಲಿ 13 ಜನ ಒಟ್ಟಿಗೆ ಸತ್ತರು. ದೊಡ್ಡವರು, ಮಕ್ಕಳು. ದೇಹ ಕರಗಿ ಬೂದಿಯಲ್ಲಿ ಉಳಿದ ಟೊಳ್ಳಿಗೆ ಪ್ಲಾಸ್ಟರ್ ಸುರಿಯುವ ಉಪಾಯವನ್ನು 1863ರಲ್ಲಿ, ಇಲ್ಲಿನ ಅಗೆತ ನೋಡಿಕೊಳ್ಳುತ್ತಿದ್ದ ಫಿಯೊರೆಲ್ಲಿ ಶುರು ಮಾಡಿದರು. ಅಂಗಡಿ ಬಾಗಿಲಿಗೆ ಮಾಡಿದ್ದೂ ಅದನ್ನೇ. ನಿಜ ಹೇಳಬೇಕೆಂದರೆ ಈ ವಿಡಿಯೋದ ಥಂಬ್‌ನೇಲ್‌ಗೆ ಆ ದೇಹಗಳ ಅಚ್ಚೇ ಬೇಕು ಅಂತ ಮನೆಯಿಂದಲೇ ಅಂದುಕೊಂಡು ಬಂದಿದ್ದೆ. ಕ್ಯಾಮೆರಾ ಎತ್ತಿದೆ. ಅಮ್ಮ ಅದರ ಮುಂದೆ ಕೈ ಅಡ್ಡ ಹಿಡಿದರು. ‘ಹೆಣದ ಮನೇಲಿ ಫೋಟೋ ತೆಗೀತಾರೇನೇ?’ ಅದಕ್ಕೇ ಬಳ್ಳಿ ತೋರಿಸುತ್ತಿದ್ದೇನೆ.

ಗೈಡ್ ಒಂದು ವಿಷಯ ಹೇಳಿದರು. ಬೇರೊಂದು ಮನೆಯಲ್ಲಿ, ಮಗುವನ್ನು ಎತ್ತಿಕೊಂಡು, ಕೈಗೆ ಬಂಗಾರದ ಬಳೆ ಹಾಕಿದ್ದ ‘ತಾಯಿ’ ಅಂತ ನೂರಾರು ಸಲ ಬರೆದಿದ್ದರಲ್ಲ, 2024ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯಲ್ಲಿ ಅದು ಗಂಡಸು ಅಂತ ಗೊತ್ತಾಯಿತು. ಮಗುವಿಗೂ ಅವನಿಗೂ ರಕ್ತಸಂಬಂಧ ಇಲ್ಲ. ಬಳೆ ಕಂಡ ಕೂಡಲೇ ಅಮ್ಮ ಅಂತ ಕತೆ ಕಟ್ಟಿದವರು ನಾವೇ.

ಸಂಜೆ ಟ್ರೇನ್. ನನ್ನ ಬಲಗಾಲಿನ ಶೂ ಅಟ್ಟೆ ಬಿಟ್ಟುಕೊಂಡು, ಹೇರ್‌ಬ್ಯಾಂಡ್‌ನಲ್ಲಿ ಕಟ್ಟಿದ್ದೇನೆ, ನೋಡಿ ನಗಬೇಡಿ. ಗೈಡ್ ಕೊನೆಗೆ ಹೇಳಿದ ಎರಡು ಸಂಗತಿಗಳನ್ನು ಅಮ್ಮನಿಗೆ ಈಗ ಹೇಳುತ್ತಿದ್ದೇನೆ. ಒಂದು, ಫೌಸ್ಟಿಲ್ಲಾ ಅನ್ನುವ ಹೆಂಗಸು ಕಿವಿಯೋಲೆ ಗಿರವಿ ಇಟ್ಟುಕೊಂಡು ಸಾಲ ಕೊಡುತ್ತಿದ್ದಳು. ತಾರೀಖು, ಬಡ್ಡಿ ಸಮೇತ ಗೋಡೆ ಮೇಲೆ ಗೀಚಿದ್ದು ಉಳಿದಿದೆ. ಅಮ್ಮ ತಲೆದೂಗಿದರು. ಇನ್ನೊಂದು, ಆ ಮರ್ಕ್ಯುರಿ ಚಿತ್ರ ಇದ್ದ ಅಂಗಡಿಯ ಒಂದು ಹರವಿಯಲ್ಲಿ ಸಾವಿರಕ್ಕೂ ಹೆಚ್ಚು ಚಿಲ್ಲರೆ ಕಾಸು ಸಿಕ್ಕಿತು. ಅಂಗಡಿಯವರು ಬಿಟ್ಟುಹೋದ ಗಲ್ಲಾ ಅದು.

ಅಮ್ಮ ಕಿಟಕಿಯಲ್ಲಿ ಬೆಟ್ಟ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೈಕ್ ಆಫ್ ಮಾಡಿರಲಿಲ್ಲ, ಹಾಗಾಗಿ ಇದು ಉಳಿದಿದೆ. ಕೇಳಿ.

‘ಆಗ ಗಲ್ಲಾದಲ್ಲಿ ಗಂಡಸು ಕೂತಿದ್ದ ಅನ್ಸುತ್ತೆ ಕಣೆ. ಹೆಂಗಸಾಗಿದ್ರೆ ಕಾಸೆಲ್ಲ ಸೆರಗಿಗೆ ಗಂಟು ಹಾಕ್ಕೊಂಡೇ ಓಡ್ತಿದ್ಲು.’