ಆನ್ನಾ ಮಾನ್ಯಾನಿ: ಲಾರಿಯ ಹಿಂದೆ ಓಡಿದ ಪೀನಾ

ಕೇಳುಗರಿಗೆ ನಮಸ್ಕಾರ.

1945ರಲ್ಲಿ ತೆರೆಕಂಡ ‘ರೋಮ್, ಓಪನ್ ಸಿಟಿ’ ಚಿತ್ರದಲ್ಲಿ ಕೆಲವೇ ಕ್ಷಣಗಳ ಒಂದು ಓಟವಿದೆ. ಪೀನಾಳ ಮದುವೆಯ ದಿನವೇ, ಯುದ್ಧಕಾಲದಲ್ಲಿ ರೋಮನ್ನು ವಶಪಡಿಸಿಕೊಂಡಿದ್ದ ಜರ್ಮನ್ ಸೈನಿಕರು ಅವಳ ವರನನ್ನು ಲಾರಿಗೆ ಹತ್ತಿಸುತ್ತಾರೆ. ತುಂಬು ಬಸುರಿ ಪೀನಾ ಕಾವಲಿನವನನ್ನು ನೂಕಿ, ‘ಫ್ರಾನ್ಸೆಸ್ಕೊ!’ ಎಂದು ಕೂಗುತ್ತ ಓಡುತ್ತಾಳೆ. ಗುಂಡಿನ ಸದ್ದು. ಮುಗ್ಗರಿಸಿ ಬೀದಿಗೆ ಬೀಳುತ್ತಾಳೆ. ಚಿತ್ರ ಇನ್ನೂ ಅರ್ಧ ಬಾಕಿಯಿದೆ, ನಾಯಕಿ ಸತ್ತಾಗಿದೆ! ಇದು ಬರಿಯ ಕಥೆಯಲ್ಲ. 1944ರ ಮಾರ್ಚ್‌ನಲ್ಲಿ ತೆರೇಸಾ ಗುಲ್ಲಾಚೆ ಎಂಬ ಬಸುರಿ, ಸೆರೆಯಾದ ಗಂಡನನ್ನು ಕಾಣಲು ಹೋಗಿ ರೋಮಿನ ಬೀದಿಯಲ್ಲೇ ಗುಂಡಿಗೆ ಬಲಿಯಾಗಿದ್ದಳು.

ಪೀನಾ ಆದವರು ಆನ್ನಾ ಮಾನ್ಯಾನಿ. ಆಕೆ ನಟಿಸಲಿಲ್ಲ, ಇದ್ದಂತೆಯೇ ಇದ್ದರು ಎಂದು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. 1908ರಲ್ಲಿ ರೋಮಿನಲ್ಲಿ ಹುಟ್ಟಿ, ಅಜ್ಜಿಯ ಮನೆಯಲ್ಲಿ ಬೆಳೆದ ಈಕೆ ನಾಟಕಶಾಲೆಯಲ್ಲಿ ಕಲಿತವರು, ಕ್ಯಾಬರೆಗಳಲ್ಲಿ ಹಾಡಿದವರು, ಹಾಸ್ಯನಟ ಟೊಟೊ ಜೊತೆ ಹಾಡು, ಕುಣಿತ, ನಗೆಯ ರಂಗಪ್ರದರ್ಶನಗಳಲ್ಲಿ ಪಳಗಿದವರು. ಬೇಸರವಾದರೆ ಕೂಗಿ ಗದ್ದಲ ಮಾಡುವ ಪ್ರೇಕ್ಷಕರನ್ನು ಅಂಥ ರಂಗದಲ್ಲಿ ಮರುಕ್ಷಣವೇ ಹಿಡಿದು ಕೂರಿಸಬೇಕು. ಪೀನಾಳ ಆ ಕೂಗಿನ ಹಿಂದೆ ಇಷ್ಟು ವರ್ಷಗಳ ದುಡಿಮೆಯಿದೆ.

ವಿಸ್ಕೊಂಟಿ ನಿರ್ದೇಶನದ ‘ಬೆಲ್ಲಿಸ್ಸಿಮಾ’ (1951) ನೋಡಿದರೆ ಅನುಮಾನ ಉಳಿಯದು. ಪುಟ್ಟ ಮಗಳನ್ನು ಹೇಗಾದರೂ ಸಿನಿಮಾಕ್ಕೆ ಸೇರಿಸಲು ಹೊರಟ ಬಡತಾಯಿಯ ಪಾತ್ರ. ಮಗಳ ಪರೀಕ್ಷಾ ಚಿತ್ರಿಕೆ ನೋಡುತ್ತ ಸ್ಟುಡಿಯೊದವರು ಬಿದ್ದು ಬಿದ್ದು ನಗುವುದನ್ನು ಆಕೆ ಪ್ರೊಜೆಕ್ಟರ್ ಕೋಣೆಯಿಂದ ಕದ್ದು ನೋಡುತ್ತಾಳೆ. ಆ ಮುಖದ ಮೇಲೆ ಹೆಮ್ಮೆ ಕರಗಿ ಅವಮಾನ ಏರುವುದಕ್ಕೆ ಮಾತು ಬೇಕಾಗುವುದಿಲ್ಲ. ಕೊನೆಗೆ ಕರಾರು ಮನೆಬಾಗಿಲಿಗೇ ಬಂದರೂ ಬೇಡವೆನ್ನುತ್ತಾಳೆ.

ಅಮೆರಿಕದ ನಾಟಕಕಾರ ಟೆನೆಸಿ ವಿಲಿಯಮ್ಸ್ ‘ದಿ ರೋಸ್ ಟ್ಯಾಟೂ’ ಬರೆದದ್ದೇ ಈಕೆಗಾಗಿ. ಇಂಗ್ಲಿಷ್ ಸಾಲದೆಂದು ಬ್ರಾಡ್‌ವೇ ರಂಗವನ್ನು ಮಾನ್ಯಾನಿ ಒಲ್ಲೆನೆಂದರು; ಸಿನಿಮಾ ಆದಾಗ ಒಪ್ಪಿಕೊಂಡರು. ಗಂಡನ ಚಿತಾಭಸ್ಮವನ್ನು ಮನೆಯಲ್ಲಿಟ್ಟುಕೊಂಡು ಪೂಜಿಸುವ ಸಿಸಿಲಿಯ ದರ್ಜಿ ವಿಧವೆಯ ಆ ಪಾತ್ರಕ್ಕೆ 1956ರಲ್ಲಿ ಆಸ್ಕರ್ ಬಂತು. ಶ್ರೇಷ್ಠ ನಟಿಯೆಂದು ಅದನ್ನು ಪಡೆದ ಇಟಲಿಯ ಮೊದಲ ಹೆಣ್ಣು ಈಕೆಯೇ. ಸಮಾರಂಭಕ್ಕೆ ಮಾತ್ರ ಹೋಗಲಿಲ್ಲ.

ಬದುಕು ಸುಲಭವಾಗಿರಲಿಲ್ಲ. ಒಬ್ಬನೇ ಮಗ ಲೂಕನಿಗೆ ಎಳವೆಯಲ್ಲೇ ಪೋಲಿಯೊ ತಗುಲಿತು. ಪೀನಾಳನ್ನು ರೂಪಿಸಿದ ನಿರ್ದೇಶಕ ರೊಸೆಲ್ಲಿನಿ ಸಂಗಾತಿಯೂ ಆಗಿದ್ದವರು, ಇಂಗ್ರಿಡ್ ಬರ್ಗ್‌ಮನ್‌ಗಾಗಿ ಬಿಟ್ಟುಹೋದರು. ಮಾನ್ಯಾನಿ ಕೆಲಸ ಬಿಡಲಿಲ್ಲ. ಪಾಸೋಲಿನಿ ನಿರ್ದೇಶನದ ಚಿತ್ರ ‘ಮಮ್ಮಾ ರೋಮಾ’ 1962ರದು. 1965ರಲ್ಲಿ ಜೆಫಿರೆಲ್ಲಿ ನಿರ್ದೇಶನದ ‘ಲಾ ಲೂಪಾ’ ನಾಟಕಕ್ಕಾಗಿ ಮತ್ತೆ ರಂಗವೇರಿದರು.

1973ರ ಸೆಪ್ಟೆಂಬರ್ 26ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ರೋಮ್ ಜನ ಕಿಕ್ಕಿರಿದು ಸೇರಿದರು. ಬಿಟ್ಟುಹೋಗಿದ್ದ ರೊಸೆಲ್ಲಿನಿಯೇ ಕೊನೆಯ ದಿನಗಳಲ್ಲಿ ಜೊತೆಗಿದ್ದರು. ಆಕೆಯ ದೇಹವನ್ನು ಮೊದಲು ಇರಿಸಿದ್ದು ರೊಸೆಲ್ಲಿನಿ ಕುಟುಂಬದ ಸಮಾಧಿಯಲ್ಲಿ.