ಚುಕ್ಕಿ ತಿರುಗುತ್ತಾ ನಿಂತುಬಿಟ್ಟ ಕಂಪ್ಯೂಟರ್: ಫಾರ್ಮ್ಯಾಟ್ ಹೊಡೆಸುವ ಮುಂಚೆ ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ನಮ್ಮ ದೊಡ್ಡಮ್ಮನ ಮಗಳದ್ದು. ಟೇಬಲ್ ಕೆಳಗಿರುವ ಆ ಕಪ್ಪು ಕ್ಯಾಬಿನೆಟ್ ಇದೆಯಲ್ಲ, ಇವತ್ತಿನ ವಿಡಿಯೊ ಪೂರ್ತಿ ಅದರದ್ದೇ. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ. ಲೋಗೊ ಬರುತ್ತದೆ. ಕೆಳಗೆ ಬಿಳಿ ಚುಕ್ಕಿಗಳು ಗುಂಡಗೆ ಸುತ್ತುತ್ತವೆ. ಆಮೇಲೆ ಇದ್ದಲ್ಲೇ ನಿಂತುಬಿಡುತ್ತವೆ. ಎಷ್ಟು ಹೊತ್ತು ಕಾದರೂ ಮುಂದಕ್ಕೆ ಹೋಗುವುದಿಲ್ಲ.

"ನೋಡು ತಮ್ಮಾ, ನಿನ್ನೆಯಿಂದ ಹಿಂಗೇ ಮಾಡಾಕತ್ತೈತಿ. ನಾಳೆ ಎರಡು ಲಗ್ನಪತ್ರಿಕೆ ಪ್ರಿಂಟಿಗೆ ಕೊಡಬೇಕು" ಅಂತ ಅಕ್ಕ ಫೋನ್ ಮಾಡಿದ್ದಳು. ಅಕ್ಷಯ ತೃತೀಯ ಹತ್ತಿರ ಬಂದರೆ ಈ ಅಂಗಡಿಯಲ್ಲಿ ಕೂರಲು ಜಾಗ ಇರುವುದಿಲ್ಲ. ಬಂದವರೆಲ್ಲ ಒಂದೇ ಸಲಹೆ ಕೊಟ್ಟು ಹೋಗಿದ್ದಾರೆ: ಫಾರ್ಮ್ಯಾಟ್ ಹೊಡೆಸಿಬಿಡಿ, ಸರಿ ಹೋಗುತ್ತದೆ. ಅಂದರೆ ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸುವುದು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಎಲ್ಲಿ ನಿಲ್ಲುತ್ತಿದೆ ಅಂತ ನೋಡದೆ ಫಾರ್ಮ್ಯಾಟ್ ಮಾಡಬಾರದು. ಇಂಥ ಅಂಗಡಿಯಲ್ಲಂತೂ ಮಾಡಲೇಬಾರದು. ಯಾಕೆ ಅಂತ ಹೇಳುತ್ತೇನೆ.

ಇದರೊಳಗೆ ಏನಿದೆ ಗೊತ್ತಾ? ಮದುವೆ, ಗೃಹಪ್ರವೇಶ, ತೊಟ್ಟಿಲು, ಶಿವಗಣಾರಾಧನೆ, ಹೀಗೆ ಫೋಲ್ಡರ್ ಮೇಲೆ ಫೋಲ್ಡರ್. ಒಂದು ಮನೆಯ ದೊಡ್ಡ ಮಗನ ಮದುವೆ ಪತ್ರಿಕೆ ಇಲ್ಲೇ ಆಗಿದ್ದರೆ, ಚಿಕ್ಕ ಮಗನದ್ದಕ್ಕೂ ಅದೇ ಫೈಲ್ ತೆಗೆಯುತ್ತಾರೆ. ಸ್ವಾಮೀಜಿಗಳ ಹೆಸರು, ಬಿರುದು, ಮಠದ ಹೆಸರು ಎಲ್ಲ ಒಂದಕ್ಷರ ತಪ್ಪದ ಹಾಗೆ ಒಮ್ಮೆ ತಿದ್ದಿಸಿಕೊಂಡು ಬಂದಿರುತ್ತದೆ. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಯಾರ ಹೆಸರು ಮೊದಲು, ಯಾರದ್ದು ಆಮೇಲೆ ಅನ್ನುವುದಕ್ಕೂ ಆ ಮನೆಯಲ್ಲಿ ಒಂದು ಲೆಕ್ಕ ಇರುತ್ತದೆ. ಅದನ್ನೆಲ್ಲ ಮತ್ತೆ ಟೈಪ್ ಮಾಡಿ ಅಂದರೆ ಅಕ್ಕ ಎಲ್ಲಿಗೆ ಹೋಗಬೇಕು?

ಇನ್ನೊಂದು ವಿಷಯ. ಹಳೆಯ ಪತ್ರಿಕೆಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ಗಳಲ್ಲಿವೆ. ಕನ್ನಡ ಗಣಕ ಪರಿಷತ್ತಿನ ನುಡಿ ನಮ್ಮ ಡಿಟಿಪಿ ಅಂಗಡಿಗಳಲ್ಲೆಲ್ಲ ಇದೆ, ಅಲ್ವಾ? ಆಸ್ಕಿ ಫೈಲ್‌ನಲ್ಲಿ ನಿಜವಾಗಿ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ಆಕಾರ ಕೊಡುವುದು ಫಾಂಟ್. ಫಾರ್ಮ್ಯಾಟ್ ಆಗಿ ಆ ಫಾಂಟ್ ಹೋಯಿತು ಅಂದರೆ, ಫೈಲ್ ಉಳಿದಿದ್ದರೂ ತೆರೆದಾಗ ಬರೀ ಅರ್ಥವಾಗದ ಅಕ್ಷರ, ಗೆರೆ, ಚಿಹ್ನೆ ಕಾಣುತ್ತವೆ. ಯಾವ ಫೈಲಿಗೆ ಯಾವ ಫಾಂಟ್ ಹಾಕಿದ್ದರು ಅಂತ ಹುಡುಕುತ್ತಾ ಕೂರಬೇಕು.

ಸರಿ, ಕೆಲಸಕ್ಕೆ ಬರೋಣ.

ಮೊದಲು ಹಿಂದಿನ ವೈರ್‌ಗಳನ್ನೆಲ್ಲ ತೆಗೆಯುತ್ತೇನೆ. ಪ್ರಿಂಟರ್, ಸ್ಕ್ಯಾನರ್, ಯಾರೋ ಕಾಲೇಜು ಹುಡುಗ ಮರೆತು ಹೋದ ಪೆನ್‌ಡ್ರೈವ್, ಎಲ್ಲ. ಕೀಬೋರ್ಡ್, ಮೌಸ್, ಮಾನಿಟರ್ ಇಷ್ಟೇ ಸಾಕು. ಪೆನ್‌ಡ್ರೈವ್ ಸಿಕ್ಕಿಸಿದ್ದರೆ ಕೆಲವು ಬೋರ್ಡ್‌ಗಳು ಮೊದಲು ಅದರಿಂದಲೇ ಬೂಟ್ ಆಗಲು, ಅಂದರೆ ಶುರುವಾಗಲು, ನೋಡುತ್ತವೆ, ಅಲ್ಲೇ ಸಿಕ್ಕಿಕೊಳ್ಳುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ ಇದು ಜಾಸ್ತಿ. ತೆಗೆದ ಕೂಡಲೇ ಸರಿ ಹೋದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಸರಿ ಹೋಗಲಿಲ್ಲ.

ಈಗ ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತುತ್ತಾ ಇದ್ದೇನೆ. ಕೆಲವು ಕಂಪ್ಯೂಟರ್‌ಗಳಲ್ಲಿ ಎಫ್2 ಇರುತ್ತದೆ. ಇದು ಬಯಾಸ್ ಪರದೆ, ವಿಂಡೋಸ್‌ಗೂ ಮುಂಚೆ ಮದರ್‌ಬೋರ್ಡ್ ತಾನೇ ತೋರಿಸುವ ಸೆಟ್ಟಿಂಗ್ಸ್ ಪುಟ. ಇಲ್ಲಿ ಏನೂ ಬದಲಾಯಿಸುವುದು ಬೇಡ. ಸುಮ್ನೆ ಹೀಗೇ ಬಿಟ್ಟು ಒಂದು ಟೀ ಕುಡಿದು ಬನ್ನಿ. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಯಾಕೆಂದರೆ ದುಡ್ಡು ಖರ್ಚಿಲ್ಲ, ಡೇಟಾಗೆ ಅಪಾಯವಿಲ್ಲ. ಬಯಾಸ್‌ನಲ್ಲಿ ಇರುವಾಗ ವಿಂಡೋಸ್ ಇನ್ನೂ ಎದ್ದೇ ಇರುವುದಿಲ್ಲ. ಇಲ್ಲೇ ಹ್ಯಾಂಗ್ ಆದರೆ ತಪ್ಪು ವಿಂಡೋಸ್‌ನದ್ದಲ್ಲ. ರ್ಯಾಮ್ (ಕೆಲಸದ ಹೊತ್ತಿನ ಮೆಮೊರಿ), ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ), ಮದರ್‌ಬೋರ್ಡ್, ಇಲ್ಲವೇ ಬಿಸಿ. ಅಂಥ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿದರೂ ಮತ್ತೆ ಹ್ಯಾಂಗ್ ಆಗುತ್ತದೆ.

ಇದೇ ಪರದೆಯಲ್ಲಿ ಇನ್ನೂ ಕೆಲವನ್ನು ನೋಡಿಬಿಡಬಹುದು. ತಾರೀಕು, ಟೈಮ್ ಸರಿ ಇದೆಯಾ? ಹಳೇ ವರ್ಷ ತೋರಿಸುತ್ತಿದ್ದರೆ ಬೋರ್ಡ್ ಮೇಲಿನ ಸೆಲ್ ಮುಗಿದಿದೆ. ನಾಣ್ಯದ ಹಾಗಿರುವ 3 ವೋಲ್ಟ್ ಸೆಲ್, ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ರೊಸೆಸರ್ ಬಿಸಿ ಎಷ್ಟಿದೆ? ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲು, ರಸ್ತೆಗೆ ತೆರೆದ ಅಂಗಡಿ, ಧೂಳು ಕೂಲರ್ ಫ್ಯಾನಿನಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಹಾರ್ಡ್‌ವೇರ್ ಮಾನಿಟರ್ ಅನ್ನುವ ಪುಟ ಇದ್ದರೆ 12 ವೋಲ್ಟ್ ಸಾಲು ನೋಡಿ. 11.4ರಿಂದ 12.6ರ ಒಳಗೆ ಇರಬೇಕು. ಅದು ಕೆಳಗಿಳಿದಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಕೊನೆಯದಾಗಿ, ಹಾರ್ಡ್‌ಡಿಸ್ಕ್ ಹೆಸರು ಪಟ್ಟಿಯಲ್ಲಿ ಇದೆಯಾ?

ನಮ್ಮದರಲ್ಲಿ ಎಲ್ಲವೂ ಸರಿ ಇತ್ತು. ಬಯಾಸ್ ಪರದೆ ಅಲ್ಲಾಡದೆ ನಿಂತಿತ್ತು. ಡಿಸ್ಕ್ ಹೆಸರೂ ಇತ್ತು. ಆದರೆ ಆ ಹೆಸರು ಬರಲು ಸ್ವಲ್ಪ ತಡವಾಯಿತು. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಈ ಕ್ಲೋಸ್‌ಅಪ್ ಗಮನವಿಟ್ಟು ನೋಡಿ. ಚುಕ್ಕಿಗಳು ನಿಂತಿವೆ. ನಾನು ಕ್ಯಾಪ್ಸ್ ಲಾಕ್ ಒತ್ತುತ್ತಿದ್ದೇನೆ. ಕೀಬೋರ್ಡ್ ಮೂಲೆಯ ಲೈಟ್ ಹತ್ತುತ್ತದೆ, ಆರುತ್ತದೆ. ಪೂರ್ತಿ ಹ್ಯಾಂಗ್ ಆಗಿದ್ದರೆ ಈ ಲೈಟ್ ಅಲ್ಲಾಡುವುದಿಲ್ಲ. ಅಂದರೆ ಒಳಗಿನ ವ್ಯವಸ್ಥೆ ಇನ್ನೂ ಜೀವಂತವಾಗಿದೆ, ಯಾವುದಕ್ಕೋ ಕಾಯುತ್ತಿದೆ. ಯಾವುದಕ್ಕೆ? ಕ್ಯಾಬಿನೆಟ್ ಮುಂದಿನ ಆ ಚಿಕ್ಕ ಕೆಂಪು ಲೈಟ್ ನೋಡಿ, ಅದು ಡಿಸ್ಕ್ ಲೈಟ್. ಸಾಮಾನ್ಯವಾಗಿ ಮಿಣಮಿಣ ಅನ್ನುತ್ತಿರುತ್ತದೆ. ಇಲ್ಲಿ ಒಂದೇ ಸಮ ಉರಿಯುತ್ತಿದೆ. ಸೈಡ್ ಕವರ್ ತೆಗೆದು ಮೈಕ್ ಹತ್ತಿರ ಹಿಡಿದಿದ್ದೇನೆ, ಕೇಳಿ. ಟಿಕ್. ಸ್ವಲ್ಪ ಹೊತ್ತು. ಟಿಕ್. ಮತ್ತೆ ಟಿಕ್.

ತಿರುಗುವ ಹಾರ್ಡ್‌ಡಿಸ್ಕ್ ಒಂದು ಜಾಗವನ್ನು ಓದಲು ಆಗದಿದ್ದಾಗ ಕೂಡಲೇ ಕೈ ಬಿಡುವುದಿಲ್ಲ. ಅದರ ಹೆಡ್ ಹಿಂದೆ ಹೋಗಿ ಮತ್ತೆ ಬಂದು ಅದೇ ಜಾಗವನ್ನು ಓದಲು ನೋಡುತ್ತದೆ. ಅಲ್ಲಿವರೆಗೆ ವಿಂಡೋಸ್ ಕಾಯಲೇಬೇಕು. ಆ ಜಾಗದಲ್ಲಿ ಇದ್ದದ್ದು ಬೂಟ್ ಆಗುವಾಗ ಬೇಕಾದ ಡ್ರೈವರ್ ಫೈಲ್ ಆಗಿದ್ದರೆ ಚುಕ್ಕಿ ಅಲ್ಲೇ ನಿಲ್ಲುತ್ತದೆ.

ಇಷ್ಟು ಕಂಡರೂ ಕೇಬಲ್ ಮತ್ತು ರ್ಯಾಮ್ ಒಮ್ಮೆ ನೋಡಲೇಬೇಕು. ಕರೆಂಟ್ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಒಳಗೆ ಉಳಿದಿರುವ ಚಾರ್ಜ್ ಖಾಲಿ ಮಾಡಿ, ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ರ್ಯಾಮ್ ತೆಗೆದು ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಪೆನ್ಸಿಲ್ ರಬ್ಬರ್ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಟಕ್ ಅನ್ನುವವರೆಗೆ ಕೂರಿಸಿದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬೇರೆ ಹಾಕಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಸೇಫ್ ಮೋಡ್, ಅಂದರೆ ತೀರಾ ಬೇಕಾದಷ್ಟನ್ನೇ ಹಾಕಿಕೊಂಡು ವಿಂಡೋಸ್ ಏಳುವ ರೀತಿ. ಸತತವಾಗಿ ಎರಡು ಸಲ ಬೂಟ್ ಪೂರ್ತಿಯಾಗದಿದ್ದರೆ ಮುಂದಿನ ಸಲ ವಿಂಡೋಸ್ ತಾನಾಗಿಯೇ ರಿಪೇರಿ ಪರದೆ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿ. ನಿಮ್ಮ ಕಂಪ್ಯೂಟರ್ ಸೇಫ್ ಮೋಡ್‌ನಲ್ಲಿ ಸಲೀಸಾಗಿ ಎದ್ದರೆ ಒಳ್ಳೆಯ ಸುದ್ದಿ. ಇತ್ತೀಚೆಗೆ ಹಾಕಿದ ಡ್ರೈವರೋ, ಯಾವುದೋ ಪ್ರೋಗ್ರಾಮೋ ಅಡ್ಡ ಬರುತ್ತಿದೆ, ಅದನ್ನು ತೆಗೆದರೆ ಸಾಕು. ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಅದೇ ರಿಪೇರಿ ಪರದೆಯಲ್ಲಿ ಅಪ್‌ಡೇಟ್ ತೆಗೆಯುವ ಆಯ್ಕೆ ಇದೆ. ಅಕ್ಕನ ಕಂಪ್ಯೂಟರ್ ಸೇಫ್ ಮೋಡ್‌ನಲ್ಲೂ ನಿಂತಿತು. ಅದೇ ಕೆಂಪು ಲೈಟ್, ಅದೇ ಟಿಕ್.

ಇಲ್ಲಿ ಒಂದು ಎಚ್ಚರಿಕೆ. ಡಿಸ್ಕ್ ಮೇಲೆ ಅನುಮಾನ ಬಂದ ಮೇಲೆ ಸ್ಟಾರ್ಟ್‌ಅಪ್ ರಿಪೇರಿ, ಚೆಕ್‌ಡಿಸ್ಕ್ ಅನ್ನುವ ವಿಂಡೋಸ್‌ನ ರಿಪೇರಿ ಪ್ರೋಗ್ರಾಮ್‌ಗಳನ್ನು ಓಡಿಸಬೇಡಿ. ಕೆಟ್ಟ ಜಾಗ ಹುಡುಕುವ ಚೆಕ್‌ಡಿಸ್ಕ್ ಇಡೀ ಡಿಸ್ಕನ್ನು ಮೂಲೆಮೂಲೆ ಓದುತ್ತದೆ. ಸೋತಿರುವ ಡಿಸ್ಕ್ ಆ ಕೆಲಸದಲ್ಲೇ ಪೂರ್ತಿ ಹೋಗಿಬಿಡಬಹುದು. ಮೊದಲು ಫೈಲ್‌ಗಳು ಹೊರಗೆ ಬರಲಿ, ರಿಪೇರಿ ಆಮೇಲೆ.

ಅದಕ್ಕೆ ಲಿನಕ್ಸ್ ಮಿಂಟ್ (ವಿಂಡೋಸ್‌ನ ಹಾಗೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ತಂದಿದ್ದೆ. ಇದರಿಂದ ಬೂಟ್ ಮಾಡಿದರೆ ಹಾರ್ಡ್‌ಡಿಸ್ಕ್ ಮುಟ್ಟದೆ ಕಂಪ್ಯೂಟರ್ ಏಳುತ್ತದೆ. ನೋಡಿ, ಎದ್ದಿತು. ಬೋರ್ಡು, ರ್ಯಾಮು ಕೆಲಸ ಮಾಡುತ್ತಿವೆ ಅಂತ ಇಲ್ಲಿ ಇನ್ನಷ್ಟು ಖಾತ್ರಿಯಾಯಿತು. ಡಿಸ್ಕ್ಸ್ ಅನ್ನುವ ಆ್ಯಪ್‌ನಲ್ಲಿ ಸ್ಮಾರ್ಟ್ ಮಾಹಿತಿ ತೆರೆದಿದ್ದೇನೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಪುಟ ಇದು. ಕರೆಂಟ್ ಪೆಂಡಿಂಗ್ ಸೆಕ್ಟರ್ ಸಾಲು ನೋಡಿ. ಓದಲಾಗದೆ ಬಾಕಿ ಉಳಿದಿರುವ ಜಾಗಗಳ ಲೆಕ್ಕ. ಇಲ್ಲಿ ಸೊನ್ನೆ ಇರಬೇಕಿತ್ತು, ಇಲ್ಲ. ಅದರ ಬದಲು, ಡೇಟಾ ಸಾಗುವಾಗ ಆದ ತಪ್ಪುಗಳನ್ನು ಎಣಿಸುವ ಸಿಆರ್‌ಸಿ ಎರರ್ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ಕೇಬಲ್ ಬದಲಾಯಿಸಿ ನೋಡಬೇಕಿತ್ತು.

ಮೊದಲು ಬೇಕಾದ ಫೋಲ್ಡರ್‌ಗಳನ್ನು, ಫಾಂಟ್ಸ್ ಫೋಲ್ಡರ್ ಸಮೇತ, ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿದೆ. ನಾಳಿನ ಎರಡು ಲಗ್ನಪತ್ರಿಕೆ ಎಲ್ಲಕ್ಕಿಂತ ಮೊದಲು. ಅದು ಬಂತು ಅಂತ ತೋರಿಸಿದಾಗ ಅಕ್ಕನ ಮುಖ ನೋಡಬೇಕಿತ್ತು. ಅವಳು ಬೇಡ ಅಂದಳು, ಅದಕ್ಕೇ ವಿಡಿಯೊದಲ್ಲಿ ಹಾಕಿಲ್ಲ. ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು: ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಹಾಕಿರುತ್ತದೆ, ಬಿಟ್‌ಲಾಕರ್. ರಿಕವರಿ ಕೀ ಇಲ್ಲದೆ ಹೀಗೆ ಕಾಪಿ ಮಾಡಲು ಆಗುವುದಿಲ್ಲ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಿ.

ಇನ್ನು ಪೂರ್ತಿ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ಡಿಸ್ಕ್) ಇಳಿಸುವ ಕೆಲಸ. ಹಳೇ ಡಿಸ್ಕ್ 500 ಜಿಬಿ. ಕಂಪ್ಯೂಟರ್ ಅಂಗಡಿಯವರು 480 ಜಿಬಿ ಎಸ್‌ಎಸ್‌ಡಿ ಕೊಡಲು ಬಂದರು, ಅದರಲ್ಲಿ ಇದ್ದದ್ದು ಇದ್ದ ಹಾಗೆ ಹಿಡಿಸುವುದಿಲ್ಲ. 512 ಜಿಬಿಯದ್ದು ತಂದೆ. ಕಾಪಿ ಮಾಡಲು ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಬಳಸಿದೆ. ಇದರ ರೀತಿ ನನಗೆ ಮೆಚ್ಚುಗೆ. ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲಿ ಹಟ ಹಿಡಿದು ಕೂರದೆ ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ನೋಡುತ್ತದೆ. ಎಲ್ಲಿವರೆಗೆ ಆಗಿದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ಮಧ್ಯೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ಮ್ಯಾಪ್ ಫೈಲನ್ನು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೇ ಇಡಿ. ಕಮಾಂಡ್‌ನಲ್ಲಿ ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಮಾತ್ರ ಮಾಡೆಲ್ ಹೆಸರು, ಸೈಜ್ ನೋಡಿ ಖಾತ್ರಿ ಮಾಡಿಕೊಳ್ಳಿ. ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ.

ಇದಕ್ಕೆ ತುಂಬಾ ಹೊತ್ತು ಬೇಕು. ಸಂಜೆ ಅಕ್ಕ ಮಂಡಕ್ಕಿ, ಮೆಣಸಿನಕಾಯಿ ತರಿಸಿದಳು. ತಿನ್ನುತ್ತಾ ಇಬ್ಬರೂ ಪರದೆ ನೋಡುತ್ತಾ ಕೂತೆವು.

ಮರುದಿನ ಬೆಳಿಗ್ಗೆ. ಕಾಪಿ ಮುಗಿದಿದೆ. ಹಳೇ ಡಿಸ್ಕನ್ನು ಪೂರ್ತಿ ಬಿಚ್ಚಿ ಎಸ್‌ಎಸ್‌ಡಿ ಒಂದನ್ನೇ ಜೋಡಿಸಿ ಆನ್ ಮಾಡುತ್ತಿದ್ದೇನೆ. ಎರಡೂ ಒಟ್ಟಿಗೆ ಇದ್ದರೆ ಒಂದೇ ಗುರುತಿನ ಎರಡು ಡಿಸ್ಕ್ ಕಂಡು ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಲೋಗೊ. ಚುಕ್ಕಿ. ಸ್ವಲ್ಪ ಕಾಯಬೇಕು, ಮೊದಲ ಸಲ ಅದೇ ಚೆಕ್‌ಡಿಸ್ಕ್ ಮಾಡಿಕೊಳ್ಳುತ್ತಿದೆ. ಈಗ ಮಾಡಬಹುದು, ಇದು ಗಟ್ಟಿ ಡಿಸ್ಕ್. ಬಂತು ನೋಡಿ, ಲಾಗಿನ್ ಪರದೆ!

ಕೆಲವು ಸಿಸ್ಟಮ್ ಫೈಲ್‌ಗಳು ಕೆಟ್ಟ ಜಾಗದಲ್ಲಿ ಇದ್ದವಲ್ಲ, ಅವನ್ನು ಸರಿ ಮಾಡಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಡಿಐಎಸ್‌ಎಂ ರೀಸ್ಟೋರ್ ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಅನ್ನುವ ಕಮಾಂಡ್‌ಗಳನ್ನು ಓಡಿಸಿದೆ. ಮೊದಲನೆಯದಕ್ಕೆ ಇಂಟರ್ನೆಟ್ ಇರಲಿ. ಹಳೆಯ ಒಂದೆರಡು ಫೋಟೊ ಹಾಳಾಗಿದ್ದವು. ಪತ್ರಿಕೆಗಳು, ನುಡಿ ಫಾಂಟ್‌ಗಳು ಎಲ್ಲ ಇದ್ದ ಹಾಗೇ ಇವೆ. ಮಧ್ಯಾಹ್ನದೊಳಗೆ ಎರಡೂ ಲಗ್ನಪತ್ರಿಕೆ ಪ್ರಿಂಟಿಗೆ ಹೋದವು.

ಹಳೇ ಡಿಸ್ಕ್ ಮೇಲೆ 'ಬಳಸಬಾರದು' ಅಂತ ಮಾರ್ಕರ್‌ನಲ್ಲಿ ಬರೆದು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ಯಾವುದಾದರೂ ಫೈಲ್ ಬಿಟ್ಟುಹೋಗಿದ್ದರೆ ಬೇಕಾಗಬಹುದು. ಎಕ್ಸ್‌ಟರ್ನಲ್ ಡಿಸ್ಕ್‌ಗೆ ಪ್ರತಿ ಶನಿವಾರ ಅಂಗಡಿ ಮುಚ್ಚುವಾಗ ಹೊಸ ಫೈಲ್‌ಗಳನ್ನು ಕಾಪಿ ಮಾಡಿ, ಕೇಬಲ್ ಕಿತ್ತು ಮನೆಗೆ ಒಯ್ಯುವುದು ಅಂತ ಅಕ್ಕ ಒಪ್ಪಿದ್ದಾಳೆ. ಈ ಕಂಪ್ಯೂಟರ್‌ನಲ್ಲಿರುವುದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಸೀಸನ್ ಮುಗಿದ ಮೇಲೆ ಅದನ್ನೂ ಬದಲಾಯಿಸಬೇಕು. ಅದಕ್ಕೂ ಮುಂಚೆ ಆ ಹಳೇ ಆಸ್ಕಿ ಪತ್ರಿಕೆಗಳನ್ನೆಲ್ಲ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿಗೆ, ತರಬೇಕು. ಮುಂದಿನ ವಿಡಿಯೊ ಅದರ ಮೇಲೆಯೇ, ಇದೇ ಅಂಗಡಿಯಿಂದ, ಮದುವೆ ಫೋಲ್ಡರಿನಿಂದ ಶುರು ಮಾಡುತ್ತೇನೆ.